ಹಳೇ ಕಾರಿನ ಪಕ್ಕಕ್ಕೆ ಗುದ್ದು ಬಿದ್ದಿದೆಯೇ? ಬಾಗಿಲಿಗಿಂತ ಮೊದಲು ಚೌಕಟ್ಟು ನೋಡಿ

ಸಿಗ್ನಲ್ ಇಲ್ಲದ ಕ್ರಾಸಿನಲ್ಲಿ ಅಡ್ಡ ನುಗ್ಗಿದ ಆಟೊ, ರಿವರ್ಸ್ ಬಂದ ಗೂಡ್ಸ್ ಟೆಂಪೊ, ಇಲ್ಲವೇ ನಮ್ಮ ಮನೆಯದೇ ಗೇಟಿನ ಕಂಬ. ಕಾರಿನ ಪಕ್ಕ ಒಳಗೆ ಹೋಗಲು ಇಷ್ಟು ಸಾಕು. ಹೊಸ ಕಾರಾದರೆ ಇನ್ಶೂರೆನ್ಸಿನವರಿಗೆ ಫೋನ್ ಮಾಡಿ ಷೋರೂಮಿನಲ್ಲಿ ಬಿಟ್ಟು ಬರುತ್ತೇವೆ. ಹನ್ನೆರಡು, ಹದಿನೈದು ವರ್ಷ ದಾಟಿದ ಮಾರುತಿ 800, ಝೆನ್, ಆಲ್ಟೊ, ಸ್ಯಾಂಟ್ರೊಗಳ ಲೆಕ್ಕ ಬೇರೆ. ಷೋರೂಮಿನ ಎಸ್ಟಿಮೇಟ್ ಕೆಲವೊಮ್ಮೆ ಕಾರು ಮಾರಿದರೆ ಬರುವ ದುಡ್ಡಿನ ಹತ್ತಿರಕ್ಕೇ ಬಂದುಬಿಡುತ್ತದೆ. ಬೀದಿ ಕೊನೆಯ ಟಿಂಕರಿಂಗ್ ಶೆಡ್‌ನವರು ಒಮ್ಮೆ ನೋಡಿ, "ಎರಡು ದಿನ ಬಿಡಿ ಸಾರ್, ಗೊತ್ತೇ ಆಗದಂಗೆ ಮಾಡ್ಕೊಡ್ತೀನಿ" ಅನ್ನುತ್ತಾರೆ. ಗೊತ್ತೇ ಆಗದ ಹಾಗೆ ಮಾಡುವುದು ದೊಡ್ಡ ವಿಷಯವಲ್ಲ, ಪುಟ್ಟಿ ಮೆತ್ತಿದರೆ ಆಯಿತು. ಒಳಗಿನದು ನೆಟ್ಟಗಾಗಿದೆಯೇ ಎಂಬುದೇ ಪ್ರಶ್ನೆ.

ಪಕ್ಕದ ಏಟಿನಲ್ಲಿ ಕಣ್ಣಿಗೆ ಬೀಳುವುದು ಬಾಗಿಲು. ಖರ್ಚು ಎಷ್ಟು, ಕಾರು ಮುಂದೆ ಓಡಿಸಲು ಯೋಗ್ಯವೇ ಎಂಬುದನ್ನು ತೀರ್ಮಾನಿಸುವುದು ಮಾತ್ರ ಬಾಗಿಲು ಕೂರುವ ಚೌಕಟ್ಟು. ಎರಡು ಬಾಗಿಲುಗಳ ನಡುವಿನ ಕಂಬ, ಅಂದರೆ ಸೆಂಟರ್ ಪಿಲ್ಲರ್. ಬಾಗಿಲ ಕೆಳಗೆ ಉದ್ದಕ್ಕೂ ಓಡುವ, ಗ್ಯಾರೇಜಿನವರು ರನ್ನಿಂಗ್ ಬೋರ್ಡ್ ಅನ್ನುವ ಪೆಟ್ಟಿಗೆಯಂಥ ಭಾಗ. ಮೇಲೆ ರೂಫಿನ ಅಂಚು. ಇವುಗಳಿಗೆ ಏಟಾಗಿಲ್ಲ ಅಂದರೆ ಬಾಗಿಲು ಎಷ್ಟೇ ನುಜ್ಜುಗುಜ್ಜಾಗಿದ್ದರೂ ಅದು ಬೋಲ್ಟ್ ಬಿಚ್ಚಿ ಬೇರೆ ಹಾಕುವ ಕೆಲಸ. ಪಿಲ್ಲರ್ ಒಳಗೆ ಹೋಗಿದ್ದರೆ, ಬಾಗಿಲಿಗೆ ಒಂದು ಗೀರೂ ಇಲ್ಲದಿದ್ದರೂ ಅದು ದೊಡ್ಡ ಕೆಲಸವೇ.

ಗುದ್ದಿದ ಜಾಗದಲ್ಲಿ

ಯಾರಿಗಾದರೂ ಪೆಟ್ಟಾಗಿದ್ದರೆ ಆಸ್ಪತ್ರೆ, ಪೊಲೀಸ್ ಮೊದಲು. ಕಾರಿನ ಮಾತು ಆಮೇಲೆ. ಬರೀ ತಗಡಿಗೆ ಏಟಾಗಿದ್ದರೆ ಕಾರು ಸರಿಸುವ ಮುಂಚೆ ಫೋಟೊ ತೆಗೆಯಿರಿ. ದೂರದಿಂದ ಎರಡು ವಾಹನವೂ ನಂಬರ್ ಪ್ಲೇಟ್ ಸಮೇತ ಕಾಣುವ ಹಾಗೆ ಒಂದು, ಏಟಿನ ಹತ್ತಿರದಿಂದ ಒಂದು, ಕಾರಿನ ಉದ್ದಕ್ಕೆ ಬಾಗಿ ಪಕ್ಕದ ಗೆರೆ ಕಾಣುವ ಹಾಗೆ ಇನ್ನೊಂದು. ಈ ಮೂರನೆಯದನ್ನು ಯಾರೂ ತೆಗೆಯುವುದಿಲ್ಲ. ಪ್ಯಾನೆಲ್ ಎಷ್ಟು ಒಳಗೆ ಹೋಗಿದೆ ಎಂದು ವಿಮೆ ಕಂಪನಿಯ ಸರ್ವೇಯರಿಗೂ ಟಿಂಕರಿಗೂ ಸರಿಯಾಗಿ ತೋರಿಸುವುದು ಅದೇ.

ರಸ್ತೆಯಲ್ಲೇ ರಾಜಿಗೆ ಬಂದು "ತಗೊಳ್ಳಿ ಎರಡು ಸಾವಿರ" ಅನ್ನುವವರು ಇರುತ್ತಾರೆ. ತಗೊಳ್ಳುವ ಮುಂಚೆ ನಾಲ್ಕೂ ಬಾಗಿಲು ತೆಗೆದು ಹಾಕಿ ನೋಡಿ, ಗ್ಲಾಸ್ ಇಳಿಸಿ ಏರಿಸಿ, ಸೀಟ್ ಬೆಲ್ಟ್ ಎಳೆದು ಬಿಡಿ. ಗುದ್ದಿದ ಬಾಗಿಲಷ್ಟೇ ಅಲ್ಲ, ಅದರ ಪಕ್ಕದ ಬಾಗಿಲೂ ಒದ್ದಾಡಿಕೊಂಡು ಮುಚ್ಚುತ್ತಿದೆ ಅಂದರೆ ಚೌಕಟ್ಟು ಅಲುಗಿದೆ ಎಂದೇ ಲೆಕ್ಕ. ಎರಡು ಸಾವಿರದಲ್ಲಿ ಮುಗಿಯುವ ಕೆಲಸ ಅದಲ್ಲ.

ಏಟು ಚಕ್ರಕ್ಕೆ ತಗಲಿದ್ದರೆ ಓಡಿಸಿಕೊಂಡು ಹೋಗಬೇಡಿ. ನೇರ ರಸ್ತೆಯಲ್ಲಿ ಸ್ಟೀರಿಂಗ್ ಓರೆಯಾಗಿ ನಿಂತರೆ, ಚಕ್ರ ಫೆಂಡರಿಗೆ ಉಜ್ಜಿದರೆ ಟೋ ಮಾಡಿಸುವುದೇ ಅಗ್ಗ.

ಟೇಪ್ ಹಿಡಿದು ಒಂದು ಗಂಟೆ

ಮನೆ ಮುಂದೆ ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ. ಅಳತೆ ಟೇಪ್, ಟಾರ್ಚ್, ಫ್ರಿಡ್ಜ್ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್, ಒಂದು ಸ್ಕ್ರೂಡ್ರೈವರ್ ಸಾಕು. ಜೊತೆಗೆ ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು.

ಮೊದಲು ಸಂದುಗಳನ್ನು ನೋಡಿ. ಬಾಗಿಲಿಗೂ ಫೆಂಡರಿಗೂ, ಬಾಗಿಲಿಗೂ ಬಾಗಿಲಿಗೂ, ಬಾಗಿಲಿಗೂ ಹಿಂದಿನ ಕ್ವಾರ್ಟರ್ ಪ್ಯಾನೆಲಿಗೂ (ಹಿಂಚಕ್ರದ ಮೇಲಿನ ತಗಡು) ನಡುವಿನ ಗ್ಯಾಪ್ ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇದೆಯೇ? ಏಟು ಬೀಳದ ಪಕ್ಕದ್ದಕ್ಕೆ ಹೋಲಿಸಿ. ಹಳೇ ಕಾರಿನಲ್ಲಿ ಕಂಪನಿಯಿಂದ ಬಂದಾಗಲೇ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆ ಇರುವುದುಂಟು, ಅದಕ್ಕೆ ಗಾಬರಿ ಬೇಡ. ಮೇಲೆ ಬೆರಳು ಹೋಗುವಷ್ಟು ಸಂದು, ಕೆಳಗೆ ಕಾಗದವೂ ತೂರದಷ್ಟು ಬಿಗಿ ಇದ್ದರೆ ಹಿಂಜ್ ಬಾಗಿದೆ ಅಥವಾ ಪಿಲ್ಲರ್ ಸರಿದಿದೆ.

ಯಾವುದು ಎಂದು ಹೇಳುವುದು ಕರ್ಣದ ಅಳತೆ. ಬಾಗಿಲು ತೆರೆದು, ಬಾಗಿಲ ಬಾಯಿಯ ಮುಂದಿನ ಮೇಲ್ಮೂಲೆಯಿಂದ ಹಿಂದಿನ ಕೆಳಮೂಲೆಗೆ ಟೇಪ್ ಹಿಡಿಯಿರಿ. ಆಮೇಲೆ ಮುಂದಿನ ಕೆಳಮೂಲೆಯಿಂದ ಹಿಂದಿನ ಮೇಲ್ಮೂಲೆಗೆ. ಈ ಎರಡು ಅಳತೆ ಒಂದಕ್ಕೊಂದು ಸಮ ಇರಬೇಕಿಲ್ಲ, ಬಾಗಿಲ ಬಾಯಿ ಚೌಕವಲ್ಲವಲ್ಲ. ಕಾರಿನ ಇನ್ನೊಂದು ಪಕ್ಕದಲ್ಲಿ ಅದೇ ಎರಡು ಅಳತೆ ತೆಗೆದರೆ ಅವಕ್ಕೆ ಇವು ಹೊಂದಬೇಕು. ಟೇಪಿನ ತುದಿ ಎರಡೂ ಪಕ್ಕ ಅದೇ ಗುರುತಿನ ಮೇಲೆ ಕೂರಬೇಕು. ಹಿಂಜ್ ಬೋಲ್ಟಿನ ನಡು, ಬಾಗಿಲ ಲಾಕು ಕಚ್ಚಿಕೊಳ್ಳುವ ಕೊಂಡಿಯ, ಅಂದರೆ ಸ್ಟ್ರೈಕರಿನ ಬೋಲ್ಟು, ರನ್ನಿಂಗ್ ಬೋರ್ಡಿನ ಮೇಲಿನ ಯಾವುದಾದರೂ ರಂಧ್ರ. ಕಣ್ಣಂದಾಜಿನ ಮೂಲೆ ಹಿಡಿದರೆ ಅಳತೆಯಲ್ಲೇ ಐದು ಮಿಲಿಮೀಟರ್ ತಪ್ಪುತ್ತದೆ. ಎರಡು ಸಲ ಅಳೆದರೂ ಮೂರು ನಾಲ್ಕು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಚೌಕಟ್ಟು ತಿರುಚಿದೆ. ಬಾಗಿಲು ಬದಲಾಯಿಸಿ ಇದನ್ನು ಸರಿಮಾಡಲು ಆಗುವುದಿಲ್ಲ.

ಹಾಗೆಯೇ ಕಾರಿನ ಒಳಗೆ ಎಡ ಪಿಲ್ಲರಿನಿಂದ ಬಲ ಪಿಲ್ಲರಿಗೆ ಸೀಟ್ ಬೆಲ್ಟ್ ಬೋಲ್ಟ್ ಹಿಡಿದು ಅಡ್ಡ ಅಳೆಯಿರಿ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ, ಸ್ಟೀರಿಂಗ್ ನೇರ ಇಟ್ಟುಕೊಂಡು, ಎರಡೂ ಪಕ್ಕ ಅಳೆಯಿರಿ. ಮ್ಯಾಟ್ ಎತ್ತಿ ಫ್ಲೋರ್ ತಗಡು ಎಲ್ಲಾದರೂ ಸುಕ್ಕುಗಟ್ಟಿದೆಯೇ ನೋಡಿ. ರೂಫಿನ ಅಂಚಿನಲ್ಲಿ ಬಣ್ಣ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೂ ಏಟು ಅಲ್ಲಿವರೆಗೆ ಏರಿದೆ ಎಂದರ್ಥ.

ಇನ್ನು ತುಕ್ಕು. ರನ್ನಿಂಗ್ ಬೋರ್ಡಿನ ತಳ, ಬಾಗಿಲ ಕೆಳ ಅಂಚು, ಹಿಂಚಕ್ರದ ಕಮಾನು, ಈ ಮೂರು ಕಡೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಟಣ್ ಎಂದರೆ ತಗಡು ಗಟ್ಟಿ. ಮಂಕಾಗಿ ಕೇಳಿಸಿದರೆ ಮ್ಯಾಗ್ನೆಟ್ ಇಡಿ. ಅದು ಕಚ್ಚದ ಕಡೆ ಹಿಂದಿನ ಮಾಲೀಕರ ಕಾಲದ ಪುಟ್ಟಿ ಇದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಓಡಿದ ಕಾರುಗಳಲ್ಲಂತೂ ಈ ಪರೀಕ್ಷೆ ಬಿಡಬೇಡಿ. ಉಪ್ಪುಗಾಳಿಗೆ, ಆ ಮಳೆಗೆ ರನ್ನಿಂಗ್ ಬೋರ್ಡ್ ಒಳಗಿನಿಂದ ತಿಂದುಹೋಗಿರುತ್ತದೆ, ಹೊರಗೆ ಬಣ್ಣ ಮಾತ್ರ ಹೊಳೆಯುತ್ತಿರುತ್ತದೆ. ಅಂಥ ತಗಡಿಗೆ ವೆಲ್ಡಿಂಗ್ ಹಿಡಿಯುವುದಿಲ್ಲ, ಎಳೆದರೆ ಹರಿಯುತ್ತದೆ.

ಹಳೇ ಕಾರಿನ ವಿಚಾರದಲ್ಲಿ ಇದು ಯಾಕೆ ಮುಖ್ಯ ಅಂದರೆ, ನಮ್ಮ ದೇಶದಲ್ಲಿ ಪಕ್ಕದ ಡಿಕ್ಕಿಯ ಪರೀಕ್ಷೆ ಕಡ್ಡಾಯವಾದದ್ದು ಹೊಸ ಮಾಡೆಲ್‌ಗಳಿಗೆ 2017ರ ಅಕ್ಟೋಬರಿನಿಂದ, ಆಗಲೇ ಮಾರಾಟದಲ್ಲಿದ್ದ ಮಾಡೆಲ್‌ಗಳಿಗೆ 2019ರ ಅಕ್ಟೋಬರಿನಿಂದ. ಅದಕ್ಕಿಂತ ಹಿಂದಿನ ಬಹುತೇಕ ಸಣ್ಣ ಕಾರುಗಳಲ್ಲಿ ಸೈಡ್ ಏರ್‌ಬ್ಯಾಗ್ ಇಲ್ಲ. ಮುಂದಿನ ಸಲ ಏಟು ಬಿದ್ದಾಗ ನಿಮಗೂ ಎದುರಿನ ವಾಹನಕ್ಕೂ ನಡುವೆ ಇರುವುದು ಆ ಪಿಲ್ಲರ್, ಆ ರನ್ನಿಂಗ್ ಬೋರ್ಡ್, ಬಾಗಿಲೊಳಗೆ ಇದ್ದರೆ ಒಂದು ಕಬ್ಬಿಣದ ಬೀಮ್. ಅಷ್ಟೇ.

ಕ್ಲೇಮ್ ಮಾಡಬೇಕೇ?

ನಿಮ್ಮದು ಬರೀ ಥರ್ಡ್ ಪಾರ್ಟಿ ಪಾಲಿಸಿ ಆಗಿದ್ದರೆ ನಿಮ್ಮ ಕಾರಿನ ರಿಪೇರಿಗೆ ಅದರಿಂದ ಒಂದು ಪೈಸೆಯೂ ಬರುವುದಿಲ್ಲ. ತಪ್ಪು ಎದುರಿನವರದಾದರೆ ಅವರ ಥರ್ಡ್ ಪಾರ್ಟಿ ವಿಮೆಯಿಂದ ಕೇಳಬಹುದು. ದಾರಿ ಇರುವುದು ಪೊಲೀಸ್ ದೂರು, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮೂಲಕ. ಒಂದು ಬಾಗಿಲಿಗಾಗಿ ಅಷ್ಟು ಅಲೆಯುವವರು ಕಡಿಮೆ.

ಕಾಂಪ್ರಹೆನ್ಸಿವ್ ಪಾಲಿಸಿ ಇದ್ದರೆ ಲೆಕ್ಕ ಹಾಕಿ ನೋಡಿ. ಸಾಮಾನ್ಯ ಪಾಲಿಸಿಯಲ್ಲಿ ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಕ್ಕೆ 50% ಸವಕಳಿ ಕಡಿತ. ಐದರಿಂದ ಹತ್ತು ವರ್ಷದ್ದಕ್ಕೆ 40%. ರಬ್ಬರ್, ಪ್ಲಾಸ್ಟಿಕ್ ಭಾಗಕ್ಕೆ ಕಾರಿನ ವಯಸ್ಸು ಎಷ್ಟಿದ್ದರೂ 50%. ಗಾಜಿಗೆ ಕಡಿತ ಇಲ್ಲ. ಪೇಂಟಿಂಗ್ ಬಿಲ್ಲು ಒಟ್ಟಾಗಿ ಬಂದರೆ ಅದರ ಕಾಲುಭಾಗವನ್ನು ಬಣ್ಣದ ಸಾಮಾನಿನ ಬೆಲೆ ಎಂದು ತೆಗೆದುಕೊಂಡು ಅದರಲ್ಲಿ ಅರ್ಧ ಕಳೆಯುತ್ತಾರೆ. ಕೂಲಿಗೆ ಕಡಿತ ಇಲ್ಲ. ಕೊನೆಯಲ್ಲಿ 1500 ಸಿಸಿ ಒಳಗಿನ ಕಾರಿಗೆ 1,000 ರೂಪಾಯಿ ಕಡ್ಡಾಯವಾಗಿ ನಿಮ್ಮ ಪಾಲು.

ಉದಾಹರಣೆಗೆ ಹನ್ನೆರಡು ವರ್ಷದ ಕಾರಿಗೆ ಬಾಗಿಲು 8,000, ಬೀಡಿಂಗ್ (ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿ) ಮತ್ತು ಕನ್ನಡಿಯ ಪ್ಲಾಸ್ಟಿಕ್ 2,000, ಪೇಂಟಿಂಗ್ 12,000, ಟಿಂಕರಿಂಗ್ ಕೂಲಿ 6,000, ಒಟ್ಟು 28,000 ಬಿಲ್ ಆಯಿತು ಅಂದುಕೊಳ್ಳಿ. ತೆರಿಗೆ ಪಕ್ಕಕ್ಕಿಡೋಣ. ಬಾಗಿಲಿಗೆ 4,000, ಪ್ಲಾಸ್ಟಿಕ್‌ಗೆ 1,000, ಪೇಂಟಿಂಗ್‌ಗೆ 10,500, ಕೂಲಿಗೆ 6,000. ಒಟ್ಟು 21,500, ಅದರಲ್ಲಿ ಸಾವಿರ ಕಳೆದು ಕೈಗೆ 20,500. ಕ್ಲೇಮ್ ಮಾಡುವುದೇ ಸರಿ. ಅದೇ ಬರೀ ಬಾಗಿಲ ಡೆಂಟ್ ತೆಗೆಸಿ ಬಣ್ಣ ಹೊಡೆಸುವ ಐದಾರು ಸಾವಿರದ ಕೆಲಸಕ್ಕೆ ಕ್ಲೇಮ್ ಹಾಕಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಇಲ್ಲದ ವರ್ಷಗಳಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ, ಪೂರ್ತಿ ಹೋಗುತ್ತದೆ. 20, 25, 35, 45, 50 ಎಂದು ಮೆಟ್ಟಿಲು ಹತ್ತಿ ಮತ್ತೆ 50%ಗೆ ಬರಲು ಕ್ಲೇಮ್ ಇಲ್ಲದ ಐದು ವರ್ಷ ಬೇಕು.

ಇನ್ನೊಂದು ಅಂಚು ಇದೆ. ರಿಪೇರಿ ಖರ್ಚು ಪಾಲಿಸಿಯಲ್ಲಿ ಬರೆದ ಐಡಿವಿಯ (ವಿಮೆಗಾಗಿ ಕಾರಿಗೆ ಕಟ್ಟಿದ ಬೆಲೆ) 75% ದಾಟಿದರೆ ಕಂಪನಿ ಟೋಟಲ್ ಲಾಸ್ ಅನ್ನುತ್ತದೆ, ಅಂದರೆ ರಿಪೇರಿಗೆ ಕೊಡದೆ ಕಾರಿನ ಬೆಲೆ ಕೊಟ್ಟು ಮುಗಿಸುತ್ತದೆ. 80,000 ಐಡಿವಿಯ ಕಾರಿಗೆ ಅದು 60,000. ಷೋರೂಮಿನಲ್ಲಿ ಪಿಲ್ಲರ್, ಎರಡು ಬಾಗಿಲು, ಕ್ವಾರ್ಟರ್ ಪ್ಯಾನೆಲ್ ಎಲ್ಲ ಹೊಸದು ಎಂದು ಬರೆದರೆ ಈ ಗೆರೆ ಸುಲಭವಾಗಿ ದಾಟುತ್ತದೆ. ಕಾರು ಉಳಿಸಿಕೊಳ್ಳುವ ಮನಸ್ಸಿದ್ದರೆ ಸರ್ವೇಯರ್ ಬರುವ ಮುಂಚೆಯೇ ಯಾವುದು ರಿಪೇರಿ, ಯಾವುದು ಬದಲಿ ಎಂದು ಗ್ಯಾರೇಜಿನವರ ಜೊತೆ ಕೂತು ಮಾತಾಡಿ. ಸರ್ವೆ ಆಗುವ ತನಕ ಏನನ್ನೂ ಬಿಚ್ಚಿಸಬೇಡಿ.

ಬಾಗಿಲು: ಬಡಿದು ನೆಟ್ಟಗೆ ಮಾಡುವುದೇ, ಬದಲಿಸುವುದೇ?

ಬಾಗಿಲ ಹೊರತಗಡು ನಡುವಿನಲ್ಲಿ ಮಾತ್ರ ಒಳಗೆ ಹೋಗಿದ್ದರೆ ಟಿಂಕರಿಂಗ್ ಸಾಕು. ಅಂಚಿನ ಮಡಿಕೆ ಬಿಚ್ಚಿಕೊಂಡಿದ್ದರೆ, ಪಕ್ಕದ ಉದ್ದ ಗೆರೆ ಎರಡು ಮೂರು ಕಡೆ ಮುರಿದಿದ್ದರೆ, ಒಳಗಿನ ಬೀಮ್ ಬಾಗಿದ್ದರೆ ಬದಲಿಸಿ. ಬಾಗಿದ ಬೀಮನ್ನು ಬಡಿದು ನೆಟ್ಟಗೆ ಮಾಡಿದರೆ ಅದು ಮೊದಲಿನ ಬೀಮ್ ಅಲ್ಲ.

ಹೊಸ ಬಾಗಿಲಿಗೆ ಬೆಂಗಳೂರಿನವರು ಜೆ.ಸಿ. ರಸ್ತೆಗೆ ಹೋಗುತ್ತಾರೆ. ಹಳೇದಕ್ಕೆ ಶಿವಾಜಿನಗರದ ಗುಜರಿ. ಬೇರೆ ಊರುಗಳಲ್ಲೂ ಕಾರು ಒಡೆಯುವವರು ಇದ್ದೇ ಇರುತ್ತಾರೆ. ಉತ್ಪಾದನೆ ನಿಂತ ಕಾರುಗಳಿಗೆ, ಮಾರುತಿ 800 ನಿಂತದ್ದು 2014ರಲ್ಲಿ, ಗುಜರಿಯ ಮೂಲ ಬಾಗಿಲು ಎಷ್ಟೋ ಸಲ ಮಾರುಕಟ್ಟೆಯ ತೆಳು ನಕಲಿಗಿಂತ ವಾಸಿ. ನನ್ನ ಆಯ್ಕೆಯೂ ಅದೇ, ತುಕ್ಕು ಇಲ್ಲದಿದ್ದರೆ. ಮಳೆಗಾಲ ಜೋರಿಲ್ಲದ ಊರಿನ ಕಾರಿನದು ಸಿಕ್ಕರೆ ಇನ್ನೂ ಒಳ್ಳೆಯದು.

ಗುಜರಿ ಬಾಗಿಲು ಕೊಳ್ಳುವಾಗ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ, ಬಿಸಿಲಿಗೆ ತನ್ನಿ. ಕೆಳ ಅಂಚನ್ನು ಉಗುರಿನಿಂದ ಕೆರೆದು ನೋಡಿ, ಮಡಿಕೆಯಲ್ಲಿ ತುಕ್ಕು ಉಬ್ಬಿದ್ದರೆ ಅಲ್ಲೇ ಬಿಡಿ. ಮ್ಯಾಗ್ನೆಟ್ ಓಡಿಸಿ. ಹಿಂಜ್ ಹಿಡಿದು ಅಲ್ಲಾಡಿಸಿ. ಪವರ್ ವಿಂಡೋ ಇರುವ ಬಾಗಿಲೋ, ಕೈಯಲ್ಲಿ ತಿರುಗಿಸುವುದೋ, ನಿಮ್ಮ ಕಾರಿಗೆ ಹೊಂದುವ ಒಳಮೈಯೇ ಎಂದು ನಿಮ್ಮ ಬಾಗಿಲ ಫೋಟೊ ಪಕ್ಕದಲ್ಲಿಟ್ಟು ನೋಡಿ. ಒಂದೇ ಹೆಸರಿನ ಕಾರಿನಲ್ಲೂ ಮಾಡೆಲ್ ವರ್ಷದ ಪ್ರಕಾರ ಬದಲಾಗಿರುತ್ತದೆ. ಬಿಲ್ಲು ಕೇಳಿ. ಬಿಲ್ಲು ಕೊಡಲ್ಲ ಅಂದರೆ ಅದು ಎಲ್ಲಿಂದ ಬಂತೋ ಯಾರಿಗೆ ಗೊತ್ತು. ಸೀಟ್ ಬೆಲ್ಟನ್ನು ಮಾತ್ರ ಗುಜರಿಯಲ್ಲಿ ಕೊಳ್ಳಲೇಬೇಡಿ.

ಬಿಚ್ಚುವ ಮುಂಚೆ

ಬ್ಯಾಟರಿಯ ನೆಗೆಟಿವ್ ವೈರ್ ಮೊದಲು ತೆಗೆಯಿರಿ. ಏರ್‌ಬ್ಯಾಗ್ ಇರುವ ಕಾರಾದರೆ ವೈರ್ ತೆಗೆದ ಮೇಲೂ ಕೆಲವು ನಿಮಿಷ ಕಾಯಬೇಕು. ಹಿಂದಿನ ಕ್ವಾರ್ಟರ್ ಪ್ಯಾನೆಲ್ ಕೆಲಸವಾದರೆ ಪೆಟ್ರೋಲ್ ತುಂಬುವ ಪೈಪ್ ಯಾವ ಪಕ್ಕ ಇದೆ ನೋಡಿ. ಗ್ಯಾಸ್ ಹಾಕಿಸಿದ ಹಳೇ ಕಾರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಡಿಕ್ಕಿಯಲ್ಲಿ ಎಲ್‌ಪಿಜಿ ಅಥವಾ ಸಿಎನ್‌ಜಿ ಟ್ಯಾಂಕ್ ಇಟ್ಟುಕೊಂಡೇ ಪಕ್ಕದಲ್ಲಿ ವೆಲ್ಡಿಂಗ್ ಮಾಡುವ ಶೆಡ್ ಕಂಡರೆ ಕಾರು ತೆಗೆದುಕೊಂಡು ಬನ್ನಿ. ಟ್ಯಾಂಕನ್ನು ಕಿಟ್ ಕೂರಿಸುವ ಮೆಕ್ಯಾನಿಕ್ ಕೈಯಲ್ಲೇ ಬಿಚ್ಚಿಸಿ, ವಾಪಸ್ ಹಾಕಿಸಿದ ಮೇಲೆ ಲೀಕ್ ನೋಡಿಸಿ.

ಸೀಟು, ಮ್ಯಾಟು, ಡೋರ್ ಪ್ಯಾಡ್, ಪಿಲ್ಲರಿನ ಪ್ಲಾಸ್ಟಿಕ್ ಎಲ್ಲ ಹೊರಗೆ ಬರಬೇಕು. ಸೆಂಟರ್ ಪಿಲ್ಲರಿನ ಬುಡದಲ್ಲಿ ಸೀಟ್ ಬೆಲ್ಟ್ ಸುತ್ತಿಕೊಳ್ಳುವ ಪೆಟ್ಟಿಗೆ ಇರುತ್ತದೆ. ಅದನ್ನು ಬಿಚ್ಚದೆ ಪಿಲ್ಲರಿಗೆ ಬೆಂಕಿ ಹಿಡಿದರೆ ಬೆಲ್ಟ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಸುಟ್ಟಿರುತ್ತದೆ. ಹಳೇ ಕಾರಿನ ಪ್ಲಾಸ್ಟಿಕ್ ಕ್ಲಿಪ್ ಒಣಗಿ ಗರಿಗರಿ ಆಗಿರುತ್ತದೆ, ಬಿಚ್ಚುವಾಗ ಅರ್ಧ ಮುರಿಯುತ್ತವೆ. ಒಂದು ಪ್ಯಾಕೆಟ್ ಹೊಸದು ತಂದಿಟ್ಟುಕೊಳ್ಳಿ. ಇಲ್ಲದಿದ್ದರೆ ಕೆಲಸ ಮುಗಿದ ಮೇಲೆ ಡೋರ್ ಪ್ಯಾಡ್ ಪ್ರತಿ ಹಂಪಿಗೂ ಕಟಕಟ ಅನ್ನುತ್ತದೆ.

ಡೋರ್ ಪ್ಯಾಡ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತದೆ. ಬಹಳ ಶೆಡ್‌ಗಳಲ್ಲಿ ಅದನ್ನು ಹರಿದು ಬಿಸಾಕುತ್ತಾರೆ. ಗ್ಲಾಸಿನ ಸಂದಿಯಿಂದ ಬಾಗಿಲೊಳಗೆ ಇಳಿಯುವ ಮಳೆನೀರು ಕ್ಯಾಬಿನ್ನಿಗೆ ಬಾರದೆ ಕೆಳಗಿನ ರಂಧ್ರದಿಂದ ಹೊರಗೆ ಹೋಗುವುದು ಆ ಹಾಳೆ ಇರುವುದರಿಂದಲೇ. ಅದು ವಾಪಸ್ ಬರಲೇಬೇಕು ಎಂದು ಮೊದಲೇ ಹೇಳಿಡಿ. ಹರಿದಿದ್ದರೆ ದಪ್ಪ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಅಂಟಿಸಬಹುದು.

ಎಳೆಯುವುದು, ಬಡಿಯುವುದು

ಪಿಲ್ಲರ್, ರನ್ನಿಂಗ್ ಬೋರ್ಡ್ ಕೆಲಸ ಮನೆಯಲ್ಲಿ ಮಾಡುವಂಥದ್ದಲ್ಲ. ಕಾರನ್ನು ಕ್ಲ್ಯಾಂಪಿನಲ್ಲಿ ಬಿಗಿದು, ಏಟು ಬಂದ ದಿಕ್ಕಿಗೆ ವಿರುದ್ಧವಾಗಿ ಹೈಡ್ರಾಲಿಕ್ ಎಳೆತ ಕೊಡುವ ಬೆಂಚ್ ಇರುವ ಕಡೆಗೇ ಹೋಗಬೇಕು. ಮರಕ್ಕೆ ಚೈನ್ ಕಟ್ಟಿ ಕಾರು ಮುಂದಕ್ಕೆ ಓಡಿಸಿ ಎಳೆಯುವುದನ್ನು ನೋಡಿದವರು ನಿಮ್ಮಲ್ಲೂ ಇರಬಹುದು. ಪಿಲ್ಲರ್ ಹೊರಗೆ ಬರುತ್ತದೆ ನಿಜ, ಅದರ ಜೊತೆ ಇನ್ನೇನೇನು ಬಂತು ಎಂದು ಅಳೆಯುವವರಿಲ್ಲ.

ಎಳೆಯುವವರಿಗೆ ನೀವು ಬರೆದಿಟ್ಟ ಕರ್ಣದ ಅಳತೆ ಕೊಡಿ. ಒಳ್ಳೆಯ ಕೆಲಸಗಾರರು ಅದನ್ನು ಅವಮಾನ ಅಂದುಕೊಳ್ಳುವುದಿಲ್ಲ, ತಾವೇ ಮತ್ತೊಮ್ಮೆ ಅಳೆಯುತ್ತಾರೆ. ಸ್ವಲ್ಪ ಎಳೆದು, ಬಿಟ್ಟು, ಅಳೆದು, ಮತ್ತೆ ಎಳೆಯಬೇಕು. ತಗಡು ಬಿಟ್ಟೊಡನೆ ಒಂದಿಷ್ಟು ವಾಪಸ್ ಹೋಗುತ್ತದೆ. ಎಳೆತದಲ್ಲಿರುವಾಗ ಸುಕ್ಕಿನ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಅದು ಕೂರುತ್ತದೆ. ಕೊನೆಗೆ ಆದದ್ದು ಮೊದಲು ಬಿಡಿಸಬೇಕು ಎಂಬುದು ಈ ಕಸುಬಿನ ಕ್ರಮ. ಅಂದರೆ ಏಟಿನ ನಡುಗುಳಿಗೆ ಮೊದಲು ಕೈ ಹಾಕದೆ, ಸುತ್ತ ಎದ್ದಿರುವ ಏಣುಗಳಿಂದ ಶುರುಮಾಡಿ ಒಳಕ್ಕೆ ಬರಬೇಕು.

ಗ್ಯಾಸ್ ವೆಲ್ಡಿಂಗಿನ ವಿಚಾರ. ಹೊರತಗಡಿನ ದಪ್ಪ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಗ್ಯಾಸ್ ಬೆಂಕಿ ಅಗಲಕ್ಕೆ ಕಾಯಿಸಿ ತಗಡನ್ನು ಅಲೆಅಲೆ ಮಾಡುತ್ತದೆ. ಈಚಿನ ಕಾರುಗಳ ಪಿಲ್ಲರಿನಲ್ಲಿ ಹೈ ಟೆನ್ಸೈಲ್ ಸ್ಟೀಲ್ ಇರುವುದರಿಂದ ಕಾಯಿಸಿದರೆ ಬಲವೇ ಹೋಗುತ್ತದೆ. ಸಿಒ2 ವೆಲ್ಡಿಂಗ್ ಅಥವಾ ಸ್ಪಾಟ್ ವೆಲ್ಡಿಂಗ್ ಕೇಳಿ. ತುಕ್ಕು ತಿಂದ ತಗಡಿನ ಮೇಲೆ ಹೊಸ ತೇಪೆ ಅಂಟಿಸಲು ಬಿಡಬೇಡಿ, ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ಆಮೇಲೆ ಬೆಸೆಯಬೇಕು. ಮುಚ್ಚುವ ಮುಂಚೆ ಒಳಗೆ ತುಕ್ಕು ತಡೆಯುವ ವ್ಯಾಕ್ಸ್ ಸಿಂಪಡಿಸಬೇಕು. ಹಳೇ ಎಂಜಿನ್ ಆಯಿಲ್ ಸುರಿಯುವ ಅಭ್ಯಾಸ ನಮ್ಮಲ್ಲಿದೆ. ಬಣ್ಣ ಹೊಡೆಯಬೇಕಾದ ಕಡೆ ಆ ಎಣ್ಣೆ ಒಂದು ತೊಟ್ಟು ಇದ್ದರೂ ಬಣ್ಣ ಹಿಡಿಯುವುದಿಲ್ಲ.

ಬಾಗಿಲ ನಡುವಿನ ಡೆಂಟನ್ನು ಮಾತ್ರ ಕೈ ಪಳಗಿದವರು ಮನೆಯಲ್ಲೂ ತೆಗೆಯಬಹುದು. ಡೋರ್ ಪ್ಯಾಡ್ ಬಿಚ್ಚಿ, ಒಳಗಿನಿಂದ ಡಾಲಿ (ಅಂಗೈಯಲ್ಲಿ ಹಿಡಿಯುವ ಕಬ್ಬಿಣದ ತುಂಡು) ಒತ್ತಿ ಹಿಡಿದು, ಹೊರಗೆ ಎದ್ದ ಏಣಿನ ಮೇಲೆ ಹಗುರ ಸುತ್ತಿಗೆಯಿಂದ ತಟ್ಟಬೇಕು. ಡಾಲಿ ಇರುವ ಜಾಗದ ಮೇಲೆಯೇ ಜೋರಾಗಿ ಬಡಿದರೆ ತಗಡು ಹಿಗ್ಗುತ್ತದೆ. ಹಿಗ್ಗಿದ ತಗಡು ಎಣ್ಣೆ ಡಬ್ಬದ ತಳದ ಹಾಗೆ, ಒತ್ತಿದರೆ ಡಬ್ ಎಂದು ಒಳಗೆ, ಬಿಟ್ಟರೆ ಡಬ್ ಎಂದು ಹೊರಗೆ. ಅದನ್ನು ಕಾಯಿಸಿ ಕುಗ್ಗಿಸುವುದು ಅನುಭವಸ್ಥರ ಕೆಲಸ. ಒಳಗಿನಿಂದ ಕೈ ಹೋಗದ ಕಡೆ ಸ್ಟಡ್ ಎಂಬ ಸಣ್ಣ ಮೊಳೆ ಬೆಸೆದು ಸ್ಲೈಡ್ ಹ್ಯಾಮರಿನಿಂದ ಎಳೆಯುತ್ತಾರೆ. ರಂಧ್ರ ಕೊರೆದು ಕೊಕ್ಕೆ ಹಾಕಿ ಎಳೆಯುವುದು ಹಳೇ ಪದ್ಧತಿ. ಆ ರಂಧ್ರಗಳ ಮೇಲೆ ಪುಟ್ಟಿ ಕೂರುತ್ತದೆ, ಹಿಂದಿನಿಂದ ನೀರು ಬರುತ್ತದೆ, ಎರಡು ಮಳೆಗಾಲದಲ್ಲಿ ಬಣ್ಣ ಗುಳ್ಳೆ ಏಳುತ್ತದೆ.

ಒಡೆದ ಗ್ಲಾಸಿನ ಹರಳುಗಳು ಬಾಗಿಲ ತಳಕ್ಕೆ ಇಳಿದಿರುತ್ತವೆ. ವ್ಯಾಕ್ಯೂಮ್ ಹಾಕಿ ಪೂರ್ತಿ ತೆಗೆಸಿ, ತಳದ ರಂಧ್ರಗಳು ತೆರೆದಿವೆಯೇ ತಂತಿ ಹಾಕಿ ನೋಡಿ.

ಬಣ್ಣಕ್ಕೆ ಮುಂಚೆ ಬಾಗಿಲು ಕೂರಿಸಿ ನೋಡುವುದು

ಇದನ್ನು ಕೇಳಿ ಮಾಡಿಸಿಕೊಳ್ಳಬೇಕು, ತಾವಾಗಿ ಮಾಡುವವರು ಕಡಿಮೆ. ಬಣ್ಣ ಹೊಡೆದ ಮೇಲೆ ಹಿಂಜ್ ತಟ್ಟಿ ಸರಿಮಾಡಲು ಹೋದರೆ ಬಣ್ಣ ಎಗರುತ್ತದೆ. ಹಿಂದಿನ ಬಾಗಿಲು ಮೊದಲು ಕೂರಿಸಿ, ಅದನ್ನು ಕ್ವಾರ್ಟರ್ ಪ್ಯಾನೆಲಿಗೆ ಹೊಂದಿಸಿ. ಆಮೇಲೆ ಮುಂದಿನ ಬಾಗಿಲನ್ನು ಹಿಂದಿನದಕ್ಕೆ, ಕೊನೆಗೆ ಫೆಂಡರನ್ನು ಮುಂದಿನ ಬಾಗಿಲಿಗೆ. ಕ್ವಾರ್ಟರ್ ಪ್ಯಾನೆಲ್ ಬೆಸೆದದ್ದು, ಅಲುಗುವುದಿಲ್ಲ. ಅದಕ್ಕೇ ಅಲ್ಲಿಂದ ಶುರು.

ಸ್ಟ್ರೈಕರನ್ನು ಕೊನೆಗೆ ಮುಟ್ಟಿ. ಸ್ಟ್ರೈಕರ್ ಬಾಗಿಲನ್ನು ಹಿಡಿಯಲು ಇರುವುದು, ಎತ್ತಲು ಅಲ್ಲ. ಮುಚ್ಚುವಾಗ ಬಾಗಿಲು ಕೊನೆ ಗಳಿಗೆಯಲ್ಲಿ ಮೇಲಕ್ಕೆ ಜಿಗಿದರೆ ಹಿಂಜ್ ಇನ್ನೂ ಇಳಿದಿದೆ ಎಂದರ್ಥ.

ನಂತರ ಕಾಗದದ ಪರೀಕ್ಷೆ. ದಿನಪತ್ರಿಕೆಯ ಎರಡು ಬೆರಳಗಲದ ಪಟ್ಟಿಯನ್ನು ಬೀಡಿಂಗ್ ಮೇಲಿಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಬಿಗಿಯಾಗಿ ಎಳೆದುಕೊಂಡು ಬರಬೇಕು. ಜಾರಿ ಬಂದರೆ ಅಲ್ಲಿ ನೀರೂ ಗಾಳಿಯೂ ಬರುತ್ತದೆ, ಹರಿದರೆ ಬಿಗಿ ಜಾಸ್ತಿ. ಅರ್ಧ ಅಡಿಗೊಮ್ಮೆ ಸುತ್ತಲೂ ಹೀಗೆ ನೋಡಿ.

ಪುಟ್ಟಿ

ಪುಟ್ಟಿ ಕೆಟ್ಟದ್ದಲ್ಲ, ದಪ್ಪ ಪುಟ್ಟಿ ಕೆಟ್ಟದ್ದು. ಎರಡು ಮೂರು ಮಿಲಿಮೀಟರ್ ಒಳಗೆ ಇದ್ದರೆ ವರ್ಷಗಟ್ಟಲೆ ನಿಲ್ಲುತ್ತದೆ. ಕೈ ನುರಿತ ಟಿಂಕರ್ ಡಾಲಿಯಲ್ಲೇ ತೊಂಬತ್ತು ಪಾಲು ಮುಗಿಸಿ ಪುಟ್ಟಿಯನ್ನು ಲೇಪದ ಹಾಗೆ ಎಳೆಯುತ್ತಾರೆ. ಆ ತಲೆಮಾರಿನವರು ಈಗ ಕಡಿಮೆಯಾಗುತ್ತಿದ್ದಾರೆ. ಸಿಕ್ಕರೆ ಕೂಲಿ ಹೆಚ್ಚು ಕೇಳಿದರೂ ಕೊಡಿ. ಪುಟ್ಟಿ ಹಾಕುವ ಮುಂಚೆ ಬರಿ ತಗಡಿನಲ್ಲೇ ಫೋಟೊ ಕಳಿಸಿ ಎಂದು ಕೇಳುವುದು ಒಳ್ಳೆಯ ಉಪಾಯ.

ಸ್ವಂತ ಮಾಡುವವರಿಗೆ: ಬಣ್ಣ, ತುಕ್ಕು ಪೂರ್ತಿ ಕೆರೆದು, ಥಿನ್ನರಿನಲ್ಲಿ ಒರೆಸಿ, ಎಪಾಕ್ಸಿ ಪ್ರೈಮರ್ ಹೊಡೆದು ಅದು ಒಣಗಿದ ಮೇಲೆ ಉಜ್ಜಿ ಪಾಲಿಯೆಸ್ಟರ್ ಪುಟ್ಟಿ ಹಾಕಿ. ಹಾರ್ಡನರ್ ತೂಕದ 2% ಸುಮಾರು. ಬೇಗ ಒಣಗಲಿ ಎಂದು ಜಾಸ್ತಿ ಹಾಕಿದರೆ ಆಮೇಲೆ ಬಣ್ಣದ ಮೇಲೆ ಕಲೆ ಮೂಡುತ್ತದೆ. ಕಲಸಿದ ಮೇಲೆ ಕೈಯಲ್ಲಿ ಇರುವುದು ನಾಲ್ಕೈದು ನಿಮಿಷ, ಏಪ್ರಿಲ್ ಬಿಸಿಲಿನಲ್ಲಿ ಇನ್ನೂ ಕಡಿಮೆ. ಹಾಗಾಗಿ ಅಂಗೈಯಗಲಕ್ಕೆ ಬೇಕಾದಷ್ಟೇ ಕಲಸಿ. ಅರ್ಧ ಗಂಟೆ ಬಿಟ್ಟು 80ರ ಎಮೆರಿಯಿಂದ ಆಕಾರ ತೆಗೆದು, 180, ಆಮೇಲೆ 320ಕ್ಕೆ ಬನ್ನಿ. ಎಮೆರಿಯನ್ನು ಬರಿಗೈಯಲ್ಲಿ ಹಿಡಿದರೆ ಬೆರಳಿನ ಗುಂಡಿ ಬೀಳುತ್ತದೆ, ಮರದ ತುಂಡಿಗೆ ಸುತ್ತಿಕೊಳ್ಳಿ. ಈ ಪುಟ್ಟಿ ನೀರು ಹೀರುತ್ತದೆ, ಒಣಗಿಸಿಯೇ ಉಜ್ಜಬೇಕು, ಮಾಸ್ಕ್ ಹಾಕಿಕೊಂಡು. ಮಟ್ಟ ಬಂದಿದೆಯೇ ಎಂದು ಕಣ್ಣಿಗಿಂತ ಅಂಗೈ ಚೆನ್ನಾಗಿ ಹೇಳುತ್ತದೆ. ತೆಳು ಬಟ್ಟೆ ಇಟ್ಟು ಉದ್ದಕ್ಕೆ ಸವರಿ ನೋಡಿ.

ಬಣ್ಣ

ಬಣ್ಣದ ಕೋಡ್ ಕಾರಿನ ಪ್ಲೇಟಿನಲ್ಲಿ ಇರುತ್ತದೆ. ಮಾರುತಿಯ ಸುಪೀರಿಯರ್ ವೈಟ್ ಆದರೆ 26ಯು, ಸಿಲ್ಕಿ ಸಿಲ್ವರ್ ಆದರೆ ಜೆಡ್2ಎಸ್. ಆದರೆ ಕೋಡ್ ಹೇಳುವುದು ಕಾರು ಹೊರಬಂದ ದಿನದ ಬಣ್ಣವನ್ನು, ಹದಿನೈದು ಬೇಸಿಗೆ ಕಂಡ ಬಣ್ಣವನ್ನಲ್ಲ. ಪೆಟ್ರೋಲ್ ಮುಚ್ಚಳ ಬಿಚ್ಚಿ ಬಣ್ಣ ಕಲಸುವ ಅಂಗಡಿಗೆ ಒಯ್ದರೆ ಅದಕ್ಕೆ ನೋಡಿ ಹೊಂದಿಸುತ್ತಾರೆ. ಹೊಂದಿದೆಯೇ ಎಂದು ಹಗಲು ಬೆಳಕಿನಲ್ಲಿ ನೋಡಿ.

ಬಿಳಿಗೆ ಒಂದು ಪ್ಯಾನೆಲ್ ಹೊಡೆದರೂ ನಡೆಯುತ್ತದೆ. ಸಿಲ್ವರ್, ಗ್ರೇ ಥರದ ಮೆಟಾಲಿಕ್‌ಗೆ ಪಕ್ಕದ ಪ್ಯಾನೆಲ್ ಮೇಲೂ ಬಣ್ಣವನ್ನು ತೆಳುವಾಗಿಸುತ್ತ ಹರಡಿ, ಆ ಪ್ಯಾನೆಲಿಗೆ ಪೂರ್ತಿ ಕ್ಲಿಯರ್ ಕೋಟ್ ಕೊಡಬೇಕು. ಇಲ್ಲದಿದ್ದರೆ ಬಾಗಿಲು ಮಾತ್ರ ಬೇರೆ ಕಾರಿನದು ಅನ್ನಿಸುತ್ತದೆ. ಎಸ್ಟಿಮೇಟಿನಲ್ಲಿ ಇದನ್ನು ಸೇರಿಸಿದ್ದಾರೆಯೇ ಮೊದಲೇ ಕೇಳಿ.

ಬೂತ್ ಇಲ್ಲದ ಶೆಡ್ ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ, ಅದೂ ಕರಾವಳಿ ಮಲೆನಾಡಿನಲ್ಲಿ, ಬಣ್ಣ ಮುಂದೂಡಿ. ಗಾಳಿಯ ತೇವಕ್ಕೆ ಬಣ್ಣ ಬೆಳ್ಳಗೆ ಮಂಕಾಗುತ್ತದೆ. ಪ್ರೈಮರ್ ಹೊಡೆಸಿಕೊಂಡು ಓಡಿಸೋಣ ಅನ್ನುವುದೂ ಸರಿಯಲ್ಲ, ಮಾಮೂಲಿ ಪ್ರೈಮರ್ ನೀರು ಹಿಡಿದಿಟ್ಟುಕೊಳ್ಳುತ್ತದೆ. ಎಪಾಕ್ಸಿ ಆದರೆ ಪರವಾಗಿಲ್ಲ. ಹಾರ್ಡನರ್ ಸೇರಿದ ಟು-ಕೆ ಬಣ್ಣವನ್ನು ಮನೆಯಲ್ಲಿ ಕರ್ಚೀಫ್ ಕಟ್ಟಿಕೊಂಡು ಹೊಡೆಯಬೇಡಿ. ಅದರ ಐಸೊಸಯನೇಟ್ ಶ್ವಾಸಕೋಶಕ್ಕೆ ಹೊಕ್ಕರೆ ಆಸ್ತಮಾ ಅಂಟಿಕೊಳ್ಳುತ್ತದೆ.

ಇದೇ ನೆಪದಲ್ಲಿ ಇಡೀ ಕಾರಿನ ಬಣ್ಣವೇ ಬದಲಿಸುವ ಯೋಚನೆ ಇದ್ದರೆ ಅದು ಆರ್‌.ಸಿ.ಯಲ್ಲಿ ದಾಖಲಾಗಬೇಕು. ಹದಿನೈದು ವರ್ಷಕ್ಕೆ ನೋಂದಣಿ ನವೀಕರಿಸಲು ಆರ್‌ಟಿಒಗೆ ಹೋದಾಗ ಕಾರೊಂದು ಬಣ್ಣ, ಪುಸ್ತಕವೊಂದು ಬಣ್ಣ ಆದರೆ ಅಲೆಯುವುದು ನೀವೇ.

ಕಾರು ತರುವ ದಿನ

ಸಂಜೆ ಹೋಗಬೇಡಿ, ಬೆಳಿಗ್ಗೆ ಹೋಗಿ. ಬಿಸಿಲಿನಲ್ಲಿ ಕಾರಿನ ಪಕ್ಕಕ್ಕೆ ಓರೆಯಾಗಿ ನಿಂತು ಕಟ್ಟಡದ ಅಥವಾ ವೈರಿನ ನೆರಳು ಬಾಗಿಲ ಮೇಲೆ ನೇರವಾಗಿ ಹರಿಯುತ್ತದೆಯೇ ನೋಡಿ. ಕರ್ಣದ ಅಳತೆ ಮತ್ತೆ ತೆಗೆಯಿರಿ. ಮ್ಯಾಗ್ನೆಟ್ ಬಣ್ಣದ ಮೇಲೆ ತೆಳು ಬಟ್ಟೆ ಇಟ್ಟು ಓಡಿಸಿ. ಗ್ಲಾಸ್, ಸೆಂಟ್ರಲ್ ಲಾಕ್, ಹಿಂದಿನ ಬಾಗಿಲ ಚೈಲ್ಡ್ ಲಾಕ್, ಒಳಗಿನ ಲೈಟು, ಸ್ಪೀಕರ್, ಬೆಲ್ಟ್ ಎಲ್ಲ ಪರೀಕ್ಷಿಸಿ. ಬೆಲ್ಟನ್ನು ಜೋರಾಗಿ ಜಗ್ಗಿದರೆ ಹಿಡಿಯಬೇಕು.

ಒಬ್ಬರು ಒಳಗೆ ಕೂತು, ಇನ್ನೊಬ್ಬರು ಪೈಪಿನಿಂದ ಬಾಗಿಲ ಸುತ್ತ ಐದು ನಿಮಿಷ ನೀರು ಬಿಡಿ. ಫ್ಲೋರ್ ಮ್ಯಾಟಿನ ಕೆಳಗೆ ಕೈ ಹಾಕಿ ನೋಡಿ, ಮೇಲೆ ಒಣಗಿದ್ದರೂ ಕೆಳಗೆ ಒದ್ದೆ ಇರಬಹುದು. ಪೂರ್ತಿ ಹಣ ಕೊಡುವುದು ಇದಾದ ಮೇಲೆ.

ಚಕ್ರಕ್ಕೆ ಏಟಾಗಿದ್ದರೆ ವೀಲ್ ಅಲೈನ್‌ಮೆಂಟ್ ಮಾಡಿಸಿ ಪ್ರಿಂಟ್ ತೆಗೆದುಕೊಳ್ಳಿ. ನಾಲ್ಕೂ ಚಕ್ರದ ಅಂಕಿ ಇರುವುದನ್ನೇ ಕೇಳಿ, ಹಿಂದಿನ ಆಕ್ಸಲ್ ಬಾಗಿದ್ದರೆ ಗೊತ್ತಾಗುವುದು ಅದರಲ್ಲೇ. ಹೆದ್ದಾರಿಯಲ್ಲಿ ಅರವತ್ತು, ಎಂಬತ್ತರಲ್ಲಿ ಓಡಿಸಿ ಗಾಳಿ ಸುಯ್ಯೆನ್ನುವ ಕಡೆ ಬೀಡಿಂಗ್ ಮತ್ತೆ ನೋಡಿಸಿ.

ಹೊಸ ಬಣ್ಣಕ್ಕೆ ಒಂದು ತಿಂಗಳು ವ್ಯಾಕ್ಸ್, ಪಾಲಿಷ್ ಬೇಡ. ಮೊದಲ ವಾರ ಬರಿ ನೀರಿನಲ್ಲಿ ತೊಳೆಯಿರಿ. ಹಕ್ಕಿ ಹಿಕ್ಕೆ ಬಿದ್ದರೆ ಒಣಗುವ ಮುಂಚೆಯೇ ನೀರು ಹಾಕಿ ತೆಗೆಯಿರಿ. ಬರಿ ತಗಡಿನ ಫೋಟೊ, ಗುಜರಿಯ ಬಿಲ್ಲು, ಅಲೈನ್‌ಮೆಂಟ್ ಪ್ರಿಂಟ್ ಎಲ್ಲವನ್ನೂ ಆರ್‌.ಸಿ. ಜೊತೆ ಒಂದು ಕವರಿನಲ್ಲಿ ಇಡಿ. ಮಾರುವಾಗ ಮ್ಯಾಗ್ನೆಟ್ ಹಿಡಿದು ಬರುವವರಿಗೆ ಅದನ್ನು ತೋರಿಸಬಹುದು.